ಕೆಂಪು ತಲೆಯ ಮರದ ಮೀನು

ಭಾನುವಾರ, ಹದಿನಾಲ್ಕನೆಯ ತಾರೀಖು

ಮಗಳೇ,

ಬಾಯಲ್ಲಿ ಹೇಳಲು ಬರುವ ಮಾತಾಗಿದ್ದರೆ ಇವತ್ತು ಬೆಳಿಗ್ಗೆ ಫೋನಿನಲ್ಲೇ ಹೇಳಿಬಿಡುತ್ತಿದ್ದೆ. ತಿಂಡಿ ಆಯಿತೇ, ಮಾತ್ರೆ ತೆಗೆದುಕೊಂಡೆಯಾ ಎಂದು ನೀನು ಕೇಳಿದೆ. ನಾನು ಹೂಂಗುಟ್ಟಿದೆ. ಆಮೇಲೆ ಬರೆಯಲು ಕೂತು ಮೂರು ಕಾಗದ ಹರಿದು ಹಾಕಿದೆ. ಮೂರರಲ್ಲೂ ನಾನು ಒಳ್ಳೆಯವನಂತೆ ಕಾಣುತ್ತಿದ್ದೆ.

ಹೋದ ವಾರ ನಿನ್ನ ಗಂಡನನ್ನು ನೋಡಿದೆ. ಕಣ್ಣು ತೋರಿಸಲು ಪಕ್ಕದ ಊರಿಗೆ ಹೋಗಿದ್ದವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಗೋದಾಮಿನಲ್ಲಿ ಸಿಮೆಂಟ್ ಮೂಟೆ ಇಳಿಸುತ್ತಿದ್ದವರಲ್ಲಿ ಒಬ್ಬ ನನ್ನನ್ನೇ ನೋಡುತ್ತಿದ್ದ. ಮೈಯೆಲ್ಲ ಬೂದು ಬಣ್ಣ, ಗುರುತು ಹಿಡಿಯಲು ಹೊತ್ತಾಯಿತು. ಲಾರಿಗಳ ಹಿಂಬದಿಗೆ ಹೂವು, ಹಕ್ಕಿ ಬರೆಯುತ್ತಿದ್ದ ಕೈ ಅದು. ಮೂರು ವರ್ಷದಿಂದ ಕುಂಚ ಮುಟ್ಟಿಲ್ಲವಂತೆ.

"ಗುಬ್ಬಿ ಮಾತಾಡ್ತಾಳಾ ಮಾವ?" ಎಂದು ತನ್ನ ಮಗಳ ಬಗ್ಗೆ ಕೇಳಿದ. ಒಂದೊಂದು ಮಾತು ಆಡುತ್ತಾಳೆ ಎಂದೆ. ಒಂದು ಸಲ ಹೋಗಿ ನೋಡಬಾರದೇ ಎಂದು ನಾನೇ ಕೇಳಿದೆ, ಅಷ್ಟು ನಾಚಿಕೆಗೆಟ್ಟವನು ನಾನು. ಅವನು ಎರಡೂ ಅಂಗೈ ನನ್ನ ಮುಂದೆ ಚಾಚಿದ. "ಹೇಗೆ ಹೋಗ್ಲಿ ಮಾವ? ಈ ಕೈಯಲ್ಲೇ ಅಲ್ವಾ ಅವಳನ್ನ ಎತ್ಕೊಂಡಿದ್ದು?"

ಅವನಿಗೆ ಒಂದು ಟೀ ಕೊಡಿಸಿದೆ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಕೂತುಬಿಟ್ಟೆ.

ಮಗಳೇ, ಗುಬ್ಬಿಯ ರಕ್ತಕ್ಕೆ ಸೀಸ ಸೇರಿದ್ದು ಅವನ ಕೈಯಿಂದ ಅಲ್ಲ, ಅವನ ಕೆಲಸದ ಬಟ್ಟೆಯಿಂದಲೂ ಅಲ್ಲ. ನನ್ನ ಕಪಾಟಿನಿಂದ.

ಆ ಕಪಾಟನ್ನು ನೋಡುತ್ತಲೇ ಬೆಳೆದವಳು ನೀನು. ಗಾಳದ ತುದಿಗೆ ಕಟ್ಟಿ ದೊಡ್ಡ ಮೀನನ್ನು ಏಮಾರಿಸುವ ಹುಸಿಮೀನುಗಳು, ಎಲ್ಲವೂ ನನಗಿಂತ ಹಳೆಯವು. ಮರದಲ್ಲಿ ಕೆತ್ತಿದವು, ಗಾಜಿನ ಕಣ್ಣಿನವು, ಹಿತ್ತಾಳೆ ರೆಕ್ಕೆಯವು. ಗುಜರಿ ಅಂಗಡಿಗಳಲ್ಲಿ, ಪಾಳುಬಿದ್ದ ದೋಣಿಮನೆಗಳಲ್ಲಿ ಹುಡುಕಿ ಹುಡುಕಿ ಮುನ್ನೂರಕ್ಕೂ ಹೆಚ್ಚು ಕೂಡಿಸಿದ್ದೆ. ಒಂದು ದಿನವೂ ಗಾಳ ಹಾಕಿದವನಲ್ಲ. "ನೀರಿಗಿಳಿಯದ ಬೆಸ್ತ" ಎಂದು ನಿಮ್ಮಮ್ಮ ನಗುತ್ತಿದ್ದಳು. ನೀನೂ ನಗುತ್ತಿದ್ದೆ. ಅವಳು ಹೋದ ಮೇಲೆ ಆ ಕಪಾಟಿನ ಮುಂದೆ ನನ್ನ ಜೊತೆ ಕೂರುವವರು ಯಾರೂ ಇರಲಿಲ್ಲ.

ನೀನು ಮತ್ತೆ ಕೆಲಸಕ್ಕೆ ಸೇರಿ ಗುಬ್ಬಿಯನ್ನು ನನ್ನ ಹತ್ತಿರ ಬಿಟ್ಟಾಗ ಅವಳಿಗೆ ಒಂದೂಕಾಲು ವರ್ಷ. ಹಲ್ಲು ಬರುತ್ತಿದ್ದವು, ದಿನವಿಡೀ ರಚ್ಚೆ ಹಿಡಿಯುತ್ತಿದ್ದಳು. ಒಂದು ದಿನ ಕಪಾಟಿನ ಗಾಜಿಗೆ ಮೂಗು ಒತ್ತಿ ನಿಂತು ಇದ್ದಕ್ಕಿದ್ದಂತೆ ಸುಮ್ಮನಾದಳು. ಬೆರಳು ತೋರಿಸಿ "ಮೀ" ಎಂದಳು. ಆ ಮೀನುಗಳನ್ನು ನೋಡಿ ಆಸೆಪಟ್ಟ ಮೊದಲ ಜೀವ ಅವಳು. ಅಂಗೈಯಗಲದ ಒಂದು ಮೀನು ತೆಗೆದೆ. ಕೆಂಪು ತಲೆ, ಬಿಳಿ ಹೊಟ್ಟೆ. ಕೊಕ್ಕೆಗಳನ್ನೆಲ್ಲ ಬಿಚ್ಚಿ, ಚೂಪಾದದ್ದು ಏನೂ ಉಳಿದಿಲ್ಲ ಎಂದು ನನ್ನ ಕೆನ್ನೆಗೆ ಉಜ್ಜಿ ನೋಡಿ, ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬಾಯಿಗಿಟ್ಟುಕೊಂಡಳು. ವರ್ಷದ ಮೇಲೆ ಅದು ಅವಳ ಬಾಯಲ್ಲೇ ಇತ್ತು. ನೀನು ಬರುವ ಹೊತ್ತಿಗೆ ತೊಳೆದು, ನನ್ನ ಹತ್ತಿರವೇ ಇರುತ್ತಿದ್ದ ಅವಳ ಚೀಲದ ತಳಕ್ಕೆ ಹಾಕುತ್ತಿದ್ದೆ. ಮರದ ಕೊಳಕು ಆಟಿಕೆ ಎಂದು ನೀನು ಬೈಯುತ್ತೀಯ ಎಂದು ಬಚ್ಚಿಡುತ್ತಿದ್ದೆ.

ಅವಳು ಬಿಳಿಚಿಕೊಂಡಳು, ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು, ಕಲಿತ ನಾಲ್ಕು ಮಾತನ್ನೂ ಬಿಟ್ಟಳು. ಜಂತುಹುಳು ಅಂದರು, ರಕ್ತ ಕಮ್ಮಿ ಅಂದರು. ಕೊನೆಗೆ ಆ ದೊಡ್ಡ ಡಾಕ್ಟರು ರಕ್ತದಲ್ಲಿ ಸೀಸ ಇದೆ, ಮನೆಯಲ್ಲಿ ಯಾರ್ಯಾರು ಏನೇನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅವನು ಕೈ ಕಟ್ಟಿಕೊಂಡು, "ನಾನು ಪೇಂಟ್ ಕೆಲ್ಸ ಮಾಡ್ತೀನಿ ಸರ್, ಲಾರಿಗಳಿಗೆ" ಎಂದ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ನೀನು ಕುರ್ಚಿಯಲ್ಲಿ ತಿರುಗಿ ಗಂಡನನ್ನು ನೋಡಿದೆ. ಆ ನೋಟ ನನಗೆ ನೆನಪಿದೆ. ನಾನು ನಿಮ್ಮ ಹಿಂದೆ ಗುಬ್ಬಿಯ ಚೀಲ ಹಿಡಿದು ನಿಂತಿದ್ದೆ. ಮೀನು ಅದರೊಳಗಿತ್ತು.

ನಾನು ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದವನು. ಕೈ ತೊಳೆಯದೆ ಊಟಕ್ಕೆ ಕೂತರೆ ನಮ್ಮ ಮೇಸ್ತ್ರಿ ಎಬ್ಬಿಸಿ ಕಳಿಸುತ್ತಿದ್ದರು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಡಾಕ್ಟರು ಆ ಹೆಸರು ಹೇಳುವವರೆಗೆ ಹೊಳೆಯಲೇ ಇಲ್ಲ. ಹೊಳೆದಾಗ ಬಾಯಿ ತೆರೆಯಲಿಲ್ಲ.

ಅವತ್ತು ಸಂಜೆಯೇ ಮೀನನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದೆ. ಅದೇ ವಾರ ನೀನು ಅವನನ್ನು ಮನೆಯಿಂದ ಹೊರಗೆ ಕಳಿಸಿದೆ. ಬಟ್ಟೆ, ಹಾಸಿಗೆ, ಅವನು ಕೂರುತ್ತಿದ್ದ ಕುರ್ಚಿ, ಎಲ್ಲವನ್ನೂ ಎಸೆದೆ. ಎರಡು ತಿಂಗಳಿಗೆ ರಕ್ತದಲ್ಲಿ ಸೀಸ ಅರ್ಧಕ್ಕಿಳಿಯಿತು. "ನೋಡಿದ್ಯಾ ಅಪ್ಪ, ಅವನು ಹೋದ ಮೇಲೆ ಇಳೀತು" ಎಂದು ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ನಾನು ನಿನ್ನ ಬೆನ್ನು ಸವರಿದೆ. ಅವನೂ ಅದನ್ನು ನಂಬಿದ. ಸೀಸ ಇಳಿದರೂ ಮಿದುಳಿಗೆ ಆದದ್ದು ಆದಂತೆಯೇ ಎಂದು ಡಾಕ್ಟರು ಹೇಳಿದಾಗ ಆ ಪಾಪವನ್ನೂ ಅವನೇ ಹೊತ್ತುಕೊಂಡ.

ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಲ. ನೀನು ಗುಬ್ಬಿಯನ್ನು ಮಾತು ಕಲಿಸುವ ಆ ಶಾಲೆಗೆಂದು ದೂರದ ಊರಿಗೆ ಕರೆದೊಯ್ದ ದಿನ ಒಂದು ಸಲ. ಬಸ್ ನಿಲ್ದಾಣದಲ್ಲಿ ಇನ್ನೊಂದು ಸಲ. ನಿಮ್ಮಮ್ಮ ಹೋದ ಮೇಲೆ ನನಗೆ ಅಂತ ಉಳಿದವಳು ನೀನೊಬ್ಬಳೇ. ನೀನು ಅವನನ್ನು ನೋಡಿದ ಹಾಗೆ ನನ್ನನ್ನು ನೋಡುತ್ತೀಯಲ್ಲ ಎನ್ನುವ ಭಯಕ್ಕೆ ಒಬ್ಬ ಬದುಕಿದ್ದ ಮನುಷ್ಯನನ್ನು ಬಲಿ ಕೊಟ್ಟುಬಿಟ್ಟೆ.

ಕಪಾಟು ಈಗಲೂ ಹಾಗೇ ಇದೆ. ಸುಟ್ಟರೆ ಹೊಗೆಯಲ್ಲಿ ವಿಷ, ಹೂತರೆ ಮಣ್ಣಿಗೆ ವಿಷ, ಕೊಟ್ಟರೆ ಇನ್ನೊಬ್ಬರ ಮನೆಯ ಮಗುವಿಗೆ. ಮುನ್ನೂರು ಜೊತೆ ಕಣ್ಣುಗಳ ಎದುರಿಗೆ ಊಟ ಮಾಡುತ್ತೇನೆ.

ನನ್ನನ್ನು ಕ್ಷಮಿಸು ಎಂದು ಕೇಳಲು ಈ ಕಾಗದ ಬರೆದಿಲ್ಲ. ಗೋದಾಮು ನಿಲ್ದಾಣದ ಎದುರಿಗೇ ಇದೆ, ನೀಲಿ ಬಾಗಿಲು. ಬೆಳಗಿನ ಹೊತ್ತು ಅವನು ಅಲ್ಲೇ ಇರುತ್ತಾನೆ. ಗುಬ್ಬಿಯನ್ನು ಕರೆದುಕೊಂಡು ಹೋಗು. ಅವನು ಬೇಡವೆಂದರೂ ಅವನ ಕೈಗೆ ಅವಳನ್ನು ಕೊಡು. ಕಳೆದುಹೋದ ಮೂರು ವರ್ಷವನ್ನು ಯಾರೂ ಅವನಿಗೆ ವಾಪಸ್ ಕೊಡಲಾರರು, ಗುಬ್ಬಿಯ ಮಾತನ್ನೂ ಕೊಡಲಾರರು. ನನಗೆ ಉತ್ತರ ಬರೆಯಬೇಡ.

ಇಂತಿ,
ನಿನ್ನ ಅಪ್ಪ

ತಾ.ಕ.: ಮೇಲೆ ಒಂದು ಕಡೆ, ಡಾಕ್ಟರು ಹೇಳುವವರೆಗೆ ಹೊಳೆಯಲಿಲ್ಲ ಎಂದು ಬರೆದಿದ್ದೇನೆ. ಅದೂ ಸುಳ್ಳು. ಅದಕ್ಕೆ ಎಂಟು ತಿಂಗಳು ಮುಂಚೆ ಒಂದು ಮಧ್ಯಾಹ್ನ ಗುಬ್ಬಿಯ ಕೆಳತುಟಿಗೆ ಕೆಂಪು ಬಣ್ಣದ ಚಕ್ಕೆ ಅಂಟಿತ್ತು. ನೋಡಿದ ಕೂಡಲೇ ಅದೇನೆಂದು ಗೊತ್ತಾಯಿತು. ಅಷ್ಟರಲ್ಲಿ ನೀನು ಗೇಟು ತೆಗೆದ ಸದ್ದಾಯಿತು. ನನ್ನ ಅಂಗಿಯ ತುದಿಯಿಂದ ಅವಳ ಬಾಯಿ ಒರೆಸಿ ಮೀನನ್ನು ಕಪಾಟಿಗೆ ಸೇರಿಸಿದೆ. ಮಾರನೆಯ ದಿನ ಬೆಳಿಗ್ಗೆ ಅವಳು ಕಪಾಟಿನ ಮುಂದೆ ನಿಂತು ಎರಡೂ ಕೈ ಚಾಚಿ ನಕ್ಕಳು. ಮತ್ತೆ ಕೊಟ್ಟೆ.