ಗಡಿಯ ಹುಣಸೆಮರದ ಕೆಳಗೆ ಕೂತವರು

ಮಂಟಿಪಾಳ್ಯ, ಕೌದಳ್ಳಿ ಹತ್ತಿರ
12-8-1946, ಶ್ರಾವಣ ಸೋಮವಾರ

ನನ್ನ ಕಂದ ಪುಟ್ಟಮಾದಮ್ಮನಿಗೆ,

ನಿನ್ನ ಅವ್ವನ ಆಶೀರ್ವಾದಗಳು. ಇವತ್ತು ಸೋಮವಾರದ ಒಪ್ಪೊತ್ತು. ಕೊಟ್ಟಿಗೆ ಬಾಚಿ, ಹಾಲು ಕರೆದು, ಲಿಂಗಪೂಜೆ ಮುಗಿಸಿ ಬರಿಹೊಟ್ಟೆಯಲ್ಲೇ ಬರೆಯಲು ಕೂತಿದ್ದೇನೆ. ನಿನ್ನ ಕಾಲಿನ ಊತ ಇಳಿಯಿತೇ? ಮಗು ಒದೆಯುತ್ತಿದೆಯೇ? ಎಂಟು ತುಂಬಿದಾಗ ನೀನೂ ಹೀಗೇ ಒದ್ದು ನನಗೆ ನಿದ್ದೆ ಕೊಟ್ಟಿರಲಿಲ್ಲ. ನಿಮ್ಮ ಅತ್ತೆಯವರ ಮಂಡಿನೋವು ಹೇಗಿದೆ? ಬಾಣಂತನಕ್ಕೆ ಕರೆತರಲು ಬುಧವಾರ ಬಂಡಿ ಬರುತ್ತದೆ ಎಂದು ನೀನು ಸೀರೆ ಮಡಿಸಿಟ್ಟುಕೊಂಡಿರುತ್ತೀಯೆ, ನನಗೆ ಗೊತ್ತು. ಆ ಬಂಡಿ ಹತ್ತಬೇಡ ಮಗಳೇ. ಯಾಕೆಂದು ಹೇಳುತ್ತೇನೆ, ಹೆದರದೆ ಓದು.

ಪಕ್ಕದ ಮನೆ ಜೈತುನ್‌ಬಿಯ ತಮ್ಮ, ಪಾತ್ರೆಗೆ ಕಲಾಯಿ ಹಾಕುವ ಗೌಸ್ ಸಾಬರು ನಿನಗೆ ನೆನಪಿರಬೇಕು. ನಿನ್ನ ಆಟದ ಗಿಂಡಿಗೂ ನಗುತ್ತಾ ಕಲಾಯಿ ಹಾಕಿಕೊಟ್ಟವರು. ಹೋದ ವಾರ ಅವರು ಮೇಲಿನ ಹಳ್ಳಿಯಿಂದ ಓಡೋಡಿ ಬಂದು ಮಾರಮ್ಮನ ಗುಡಿ ಮುಂದೆ ನಿಂತರು. ಅಲ್ಲಿ ವಾಂತಿಭೇದಿ ಬಿದ್ದಿದೆ, ಸತ್ತವರ ಬಟ್ಟೆಯನ್ನು ಹಳ್ಳದಲ್ಲಿ ಒಗೆದಿದ್ದಾರೆ, ಆ ಹಳ್ಳವೇ ನಿಮ್ಮ ಕೊಳಕ್ಕೆ ಬರುವುದು, ಕೊಳದ ನೀರು ಮುಟ್ಟಬೇಡಿ ಎಂದು ಕೂಗಿ ಹೇಳಿದರು. ರೋಗದ ಊರಿನಿಂದ ಬಂದವನ ಹಿಂದೆಯೇ ಮಾರಿ ಬರುತ್ತಾಳೆ ಎಂಬುದು ನಮ್ಮವರ ನಂಬಿಕೆಯಲ್ಲವೇ? ಯಜಮಾನ ದೊಡ್ಡಸಿದ್ದಯ್ಯ ಎದ್ದು, "ಮಾರೀನ ಬೆನ್ಗೆ ಕಟ್ಕಂಡು ಬಂದವ್ನೆ ಕಣ್ರಲಾ, ಓಡುಸ್ರಿ" ಎಂದ. ಕಲ್ಲು ಬಿದ್ದವು. ಸಾಬರ ಹುಬ್ಬು ಒಡೆಯಿತು. ಎಸೆದವರಲ್ಲಿ ನಿಮ್ಮಪ್ಪನೂ ಇದ್ದರು. ಆಮೇಲೆ ಮಾಡಿದ್ದನ್ನು ಕೇಳು. ಸಾಬರ ಗಾಳಿ ಸೋಕಿದ ಮೈಲಿಗೆ ಕಳೆಯಲೆಂದು ಊರಿಗೆ ಊರೇ ಅದೇ ಕೊಳದಲ್ಲಿ ಮುಳುಗಿ ಎದ್ದಿತು. ಆ ನೀರಿಗೇ ಬೇವಿನ ಸೊಪ್ಪು ಹಾಕಿ, ತೀರ್ಥವೆಂದು ಮನೆಮನೆಗೆ ಹಂಚಿದರು.

ಈಗ ದೊಡ್ಡಸಿದ್ದಯ್ಯನ ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಮೊದಮೊದಲು ಸಾವಿನ ತಮಟೆ ಕೇಳಿದರೆ ಯಾವ ಬೀದಿಯೋ ಎಂದು ಕಿವಿಗೊಡುತ್ತಿದ್ದೆವು. ನಿನ್ನೆಯಿಂದ ಅದೂ ಇಲ್ಲ, ಬಾರಿಸುವವನೇ ಮಲಗಿದ್ದಾನೆ. ನಾಯಿಗಳು ಕೊಳದ ಏರಿಯ ಮೇಲೆ ಕೂತು ಊರಿನ ಕಡೆಗೇ ನೋಡುತ್ತಿವೆ. ಟಪಾಲಿನವನು ಊರೊಳಗೆ ಕಾಲಿಡುತ್ತಿಲ್ಲ.

ಜೈತುನ್‌ಬಿಗೆ ಈಗ ರಂಜಾನಿನ ಉಪವಾಸ. ಗೋಡೆಯ ಆಚೆ ಅವಳು, ಈಚೆ ನಾನು, ಇಬ್ಬರೂ ಹಸಿದವರೇ. ನಿನ್ನ ತಮ್ಮ ನಿಮ್ಮ ಪೈಗಂಬರರ ಹಾಗೆಯೇ ಊರನ್ನು ಎಚ್ಚರಿಸಿದನಲ್ಲೇ ಎಂದು ನಾನು ಅವಳಿಗೆ ಹೇಳಿದರೆ ಕೆನ್ನೆ ಬಡಿದುಕೊಂಡಳು. "ತೋಬಾ ತೋಬಾ! ಪೈಗಂಬರ್ರು ಬರೋದು ಮುಗ್ದೋಯ್ತು ಕಣಕ್ಕ. ಅವ್ನು ತಪ್ಲೆ ಉಜ್ಜೋನು" ಎಂದಳು. ಆಮೇಲೆ ತಾನೇ ಅವರ ಕುರಾನಿನಲ್ಲಿರುವ ಒಂದು ಊರಿನ ಕಥೆ ಹೇಳಿದಳು. ಆ ಊರಿಗೆ ದೇವರು ಇಬ್ಬರು ದೂತರನ್ನು ಕಳಿಸಿದನಂತೆ, ಕೇಳಲಿಲ್ಲವೆಂದು ಮೂರನೆಯವರನ್ನೂ ಕಳಿಸಿದನಂತೆ. ನಿಮ್ಮಿಂದಲೇ ಅಪಶಕುನ, ಸುಮ್ಮನಾಗದಿದ್ದರೆ ಕಲ್ಲು ಹೊಡೆಯುತ್ತೇವೆ ಎಂದರಂತೆ ಊರವರು. ಆಗ ಊರಿನ ಆ ತುದಿಯಿಂದ ಒಬ್ಬ ಓಡಿ ಬಂದು, ಇವರ ಮಾತು ಕೇಳಿ ಎಂದನಂತೆ. ಕಡೆಗೆ ಆ ಊರು ಏನಾಯಿತೇ ಎಂದು ಕೇಳಿದೆ. ಒಂದೇ ಒಂದು ಕೂಗು ಎದ್ದಿತಂತೆ. ಅಷ್ಟೇ, ಊರು ಆರಿಹೋಯಿತಂತೆ.

ನಮ್ಮಲ್ಲೂ ಹಾಗೇ ಅಲ್ಲವೇ? ಮಂಟೇಸ್ವಾಮಿ ತಿರುಕನಾಗಿ ಶರಣರ ಕಲ್ಯಾಣದ ಬಾಗಿಲಿಗೆ ಬಂದರೆ ನಾತವೆಂದು ಮೂಗು ಮುಚ್ಚಿಕೊಂಡರಂತೆ. ನೀಲಗಾರರು ಮನೆಮನೆಗೆ ಬಂದು ಆ ಕಥೆ ಹಾಡುವಾಗ ನಿಮ್ಮಪ್ಪ ಕಣ್ಣೊರೆಸಿಕೊಳ್ಳುತ್ತಾರೆ, ನೀನೇ ನೋಡಿದ್ದೀಯೆ. ಜೈತುನ್‌ಬಿಯವರಿಗೆ ದೇವರು ಮನುಷ್ಯನನ್ನು ಕಳಿಸುತ್ತಾನೆ, ನಮಗೆ ತಾನೇ ವೇಷ ಹಾಕಿ ಬರುತ್ತಾನೆ. ಯಾರು ಬಂದರೂ ನಾವು ಹಾಕುವ ಅಗುಳಿ ಮಾತ್ರ ಒಂದೇ.

ಈ ಕಾಗದ ಒಯ್ಯಲು ಒಪ್ಪಿದವರು, ಅಕ್ಕನನ್ನು ನೋಡಲು ಮರಳಿ ಬಂದಿರುವ ಗೌಸ್ ಸಾಬರೇ. ಹುಬ್ಬಿನ ಗಾಯ ಇನ್ನೂ ಹಸಿಯಾಗಿದೆ. ನನ್ನ ಮಗಳ ಊರು ಹನೂರಿನವರೂ ಹೊಡೆದರೆ ಏನು ಮಾಡುತ್ತೀರಿ ಎಂದೆ. "ಹೇಳೋದಷ್ಟೇ ನಮ್ ಕೆಲ್ಸ ಕಣವ್ವ. ಕೇಳೋದು ಅವ್ರಿಗೆ ಬುಟ್ಟಿದ್ದು" ಎಂದರು. ನೀನು ಕೇಳು ಕಂದ. ನೀರು ಕುದಿಸಿ ಕುಡಿ. ಹೆರಿಗೆ ಅಲ್ಲೇ ಆಗಲಿ. ಅತ್ತೆಮನೆಯಲ್ಲಿ ಚೊಚ್ಚಲು ಹೆತ್ತಳೆಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಮಾದಪ್ಪ ನಿನ್ನನ್ನೂ ಮಗುವನ್ನೂ ಕಾಯಲಿ. ಬೀಗರಿಗೆ, ಅಳಿಯಂದಿರಿಗೆ ನನ್ನ ಶರಣು ತಿಳಿಸು.

ನಿನ್ನ ಅವ್ವ
ಶಿವರತ್ನಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮಪ್ಪ ಬೆಳಗಿನಿಂದ ಮತ್ತೆ ಮತ್ತೆ ಹಿತ್ತಲಿಗೆ ಹೋಗುತ್ತಿದ್ದಾರೆ. "ಉಪ್ಪಿನ್ಕಾಯಿ ಎಚ್ಚಾಯ್ತು, ಅಷ್ಟೇಯ" ಎನ್ನುತ್ತಾರೆ. ನಾನು ಬೇಡವೆಂದರೂ ಈಗಲೂ ಬಂಡಿಯ ಅಚ್ಚಿಗೆ ಎಣ್ಣೆ ಹಾಕುತ್ತಿದ್ದಾರೆ. ಒಳ್ಳೆಯ ದಿನ ತಪ್ಪಿಸುವುದಿಲ್ಲವಂತೆ. ಅವರು ಬಂದರೆ ಅಪ್ಪ ಎಂದು ಓಡಿಹೋಗಿ ತಬ್ಬಬೇಡ. ನಿಮ್ಮ ಬಾವಿಯ ಹಗ್ಗವನ್ನು ಅವರ ಕೈಗೆ ಕೊಡಬೇಡ. ಜಗಲಿಯಲ್ಲೇ ಮಲಗಿಸಿ, ಕಾಯಿಸಿದ ನೀರನ್ನು ಅಳಿಯಂದಿರ ಕೈಯಲ್ಲಿ ಕೊಡಿಸು. ಯಾರೂ ಕಲ್ಲು ಎತ್ತದಂತೆ ನೋಡಿಕೋ. ಗೌಸ್ ಸಾಬರು ಊರೊಳಗೆ ಬರುವುದಿಲ್ಲ. ದಾರಿಹೋಕರ ಕೈಯಲ್ಲಿ ಇದನ್ನು ಕಳಿಸಿ ನಿಮ್ಮೂರ ಗಡಿಯ ಹುಣಸೆಮರದ ಕೆಳಗೆ ಕೂತಿರುತ್ತಾರೆ. ಬಂಡಿ ಹತ್ತುವುದಿಲ್ಲವೆಂದು ಎರಡು ಸಾಲು ಬರೆದು, ಹೊತ್ತು ಮುಳುಗಿದ ಮೇಲೆ ಒಂದು ಚೊಂಬು ನೀರಿನ ಜೊತೆ ಯಾರನ್ನಾದರೂ ಅಲ್ಲಿಗೆ ಅಟ್ಟು. ಆ ಉತ್ತರ ಅವರೇ ತಂದುಕೊಡಲಿ. ಇಸಿದುಕೊಳ್ಳಲು ನಾನು ಇಲ್ಲದಿದ್ದರೆ ಜೈತುನ್‌ಬಿ ಇರುತ್ತಾಳೆ.