ಕಿವಿಹಾಲೆಯಷ್ಟು ಮೆತ್ತಗೆ

ತಿರುವನಂತಪುರ
೧೯ ಆಗಸ್ಟ್ ೨೦೦೪

ಶಹಾಬಾದಿನ ಭಾಮಾ ಮೌಶಿಗೆ ಪ್ರಮಿತಾಳ ನಮಸ್ಕಾರ.

ರಕ್ತನಾಳದ ಜೀವಕೋಶಗಳನ್ನು ಇಲ್ಲಿ ತಟ್ಟೆಯೊಳಗೆ ಜೆಲ್ಲಿನ ಮೇಲೆ ಬೆಳೆಸುತ್ತೇನೆ. ಅವು ಒಂದಕ್ಕೊಂದು ಕೂಡಿ ನಳಿಗೆಯಾಗಬೇಕು. ಮೂರು ಸಲ ಆಗಲಿಲ್ಲ. ನಾಲ್ಕನೆಯದೂ ಕೆಟ್ಟರೆ ಈ ಕೆಲಸ ಬೇರೆಯವರಿಗೆ ಎಂದು ನಮ್ಮ ಲ್ಯಾಬಿನ ಮೇಡಂ ಹೇಳಿದ್ದರು. ಗಟ್ಟಿ ನೆಲವೇ ಒಳ್ಳೆಯದೆಂದು ನಾನು ಜೆಲ್ಲನ್ನು ಗಟ್ಟಿಯಾಗಿ ಮಾಡುತ್ತಿದ್ದೆ. ಕೋಶಗಳು ಚಪ್ಪಟೆಯಾಗಿ ಬಿದ್ದುಕೊಳ್ಳುತ್ತಿದ್ದವು. ಜೊತೆಗೆ ಕೆಲಸ ಮಾಡುವ ಚಿಂಚೋಳಿಯ ಕಪಿಲ ಇಣುಕಿ ನೋಡಿ, “ಶಹಾಬಾದಿನವರು ನೋಡ್ರಿ, ಇವಕ್ಕೂ ನಿಮ್ಮೂರ ಫರಸಿ ಕಲ್ಲೇ ಹಾಸೀರಿ!” ಎಂದ.

ಆಗ ನಿಮ್ಮ ಮಾತು ನೆನಪಾಯಿತು: “ಹೋಳಿಗಿ ಕಣಕ ಕಿವಿ ಹಾಲಿ ಹಂಗ ಮೆತ್ತಗಿರಬೇಕವಾ, ಇಲ್ಲಂದ್ರ ಹರೀತದ.” ಈ ಸಲ ಮುಟ್ಟಿ ನೋಡಲೆಂದೇ ಒಂದು ತಟ್ಟೆ ಹೆಚ್ಚಿಗೆ ಮಾಡಿ, ಒಂದು ಕೈಯಿಂದ ಜೆಲ್ಲನ್ನೂ ಇನ್ನೊಂದರಿಂದ ನನ್ನ ಕಿವಿಹಾಲೆಯನ್ನೂ ಒತ್ತಿ ಹದ ನೋಡಿದೆ. ಕಿವಿಗಿಂತಲೂ ತುಸು ಮೆತ್ತಗೆ ಮಾಡಿದೆ. ಇಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಉದ್ದಕ್ಕೆ ಚಾಚಿ, ಒಂದನ್ನೊಂದು ಹಿಡಿದು, ರಂಗೋಲಿಯ ಎಳೆಗಳಂತೆ ಕೂಡಿದ್ದವು. ಕೆಲಸ ನನ್ನಲ್ಲೇ ಉಳಿಯಿತು.

ಆರೋಗ್ಯ ಚೆನ್ನಾಗಿದೆ, ಕೆಂಪಕ್ಕಿ ಅನ್ನ ರೂಢಿಯಾಗಿದೆ. ವರದಿಯಲ್ಲಿ ಜೆಲ್ಲಿನ ಹದಕ್ಕೆ ಯಂತ್ರದ ಅಳತೆಯನ್ನಷ್ಟೇ ಬರೆಯುತ್ತೇನೆ. ಕಿವಿಯ ಸುದ್ದಿ ನಿಮಗೆ ಮಾತ್ರ. ಇದು ತೆರೆದ ಕಾರ್ಡು, ದಾರಿಯಲ್ಲಿ ಪೋಸ್ಟ್‌ಮ್ಯಾನ್ ಓದಿದರೆ ಓದಲಿ, ಅವರ ಮನೆಯ ಹೋಳಿಗೆಯೂ ಮೆತ್ತಗಾಗಲಿ.

ಪ್ರಮಿತಾ