ಅವಳ ಹೊಟ್ಟೆ ಸೇರಿದ ಕಾಗದ

ಹೊಲಿಗೆಯಂಗಡಿಯ ಮೇಲಿನ ಮನೆ,
ಮಂಗಳವಾರ, ಅಕ್ಟೋಬರ್ ೧೪

ಪ್ರೀತಿಯ ಮಗಳ ಅಪ್ಪನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಬೆನ್ನುನೋವು ಹೇಗಿದೆ? ಆ ಇಕ್ಕಟ್ಟಿನ ಕುರ್ಚಿಯಲ್ಲಿ ಎಂಜಿನ್ನುಗಳ ಮಾಪಕದ ಮುಳ್ಳು ನೋಡುತ್ತ ಹನ್ನೊಂದು ವರ್ಷ ಕೂತರೆ ಬೆನ್ನು ಇನ್ನೇನಾದೀತು. ಬಲಗಿವಿ ಈಗಲಾದರೂ ಕೇಳಿಸುತ್ತಿದೆಯೇ, ಅಥವಾ ಅದನ್ನೂ ಅವಳಿಗೇ ಬಿಟ್ಟುಕೊಟ್ಟಿರಾ? ಅವಳು ಅಂದರೆ ನಿಮ್ಮ ವಿಮಾನ. ಮದುವೆಯಾದ ಹೊಸದರಲ್ಲಿ ನೀವು “ಇವತ್ತು ಅವಳಿಗೆ ಯಾಕೋ ಸಿಟ್ಟು ಬಂದಿತ್ತು, ಸಮಾಧಾನ ಮಾಡೋಕೆ ಸಾಕಾಯ್ತು” ಅಂದದ್ದನ್ನು ಕೇಳಿಸಿಕೊಂಡು ನಿಮ್ಮ ತಂಗಿ “ಅತ್ತಿಗೆ, ಅಣ್ಣ ಇಂಥವನು ಅಂದ್ಕೊಂಡಿರ್ಲಿಲ್ಲ” ಎಂದು ಅತ್ತಿದ್ದಳು. ನಾನು ನಕ್ಕಿದ್ದೆ. ನಿಮ್ಮ ತಂಗಿಯೇ ಜಾಣೆ, ಆಗಲೇ ಅತ್ತು ಮುಗಿಸಿದಳು.

ನಿಮ್ಮ ಕಾಗದ ಬಂತು. ಸಂಸ್ಥೆಯವರು ಅವಳ ಹಾರಾಟ ನಿಲ್ಲಿಸಿಬಿಟ್ಟರು, ಈಗ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿದ್ದಾಳೆ, ಒಪ್ಪಿಸಿ ಬರಲು ಎರಡು ವಾರ ಬೇಕು ಎಂದು ಮೊದಲ ಪುಟದಲ್ಲಿತ್ತು. ಸುಳ್ಳೇಕೆ ಹೇಳಲಿ, ಕಾಜಾ ಹಾಕುತ್ತ ಹಾಡು ಗುನುಗಿದೆ. ಆಮೇಲೆ ಎರಡನೆಯ ಪುಟ ತಿರುಗಿಸಿದೆ. ಹೊಸ ಕಂಪನಿಯೊಂದು ಶಬ್ದಕ್ಕಿಂತ ವೇಗವಾಗಿ ಓಡುವ ಇನ್ನೊಬ್ಬಳನ್ನು ಕಟ್ಟುತ್ತಿದೆಯಂತೆ, ನಿಮ್ಮನ್ನು ಐದು ವರ್ಷಕ್ಕೆ ಕರೆದಿದೆಯಂತೆ, ನಾನು ಹೂಂ ಅಂದರೆ ಹೋಗುತ್ತೀರಂತೆ. ಸೂಜಿ ಬೆರಳಿಗೆ ಚುಚ್ಚಿತು.

ಹೂಂ ಅನ್ನುವ ಮೊದಲು ಕೇಳಿ. ನೀವೇ ಊಟಕ್ಕೆ ಕೂತಾಗ ಹೇಳಿದ್ದನ್ನು ನಿಮಗೇ ಬಡಿಸುತ್ತಿದ್ದೇನೆ. ಅವಳಲ್ಲಿ ಕೂರುವವರು ನೂರು ಜನ, ಅವಳು ಕುಡಿಯುವ ಇಂಧನ ಆ ನೂರು ಜನರ ತೂಕದ ಹತ್ತರಷ್ಟು. ಮೂಗಿಗಿಂತ ಮೂಗುತಿ ಭಾರ. ಅಷ್ಟು ಕುಡಿದೂ ದೊಡ್ಡ ಸಾಗರ ದಾಟಲಾಗದೆ ನಡುವೆ ಇಳಿಯಬೇಕು. ಊರಿನ ಮೇಲೆ ವೇಗ ಹಿಡಿದರೆ ಸಿಡಿಲು ಬಡಿದ ಸದ್ದು, ಕಿಟಕಿಯ ಗಾಜೆಲ್ಲ ಅದುರುತ್ತದೆ. ಹಾಗಾಗಿ ನೆಲದ ಮೇಲಿಂದ ಹಾರುವಾಗ ಅವಳು ಎಲ್ಲರಂತೆ ನಿಧಾನವಾಗಿಯೇ ಹೋಗಬೇಕು. ಟಿಕೆಟ್ಟಿನ ಬೆಲೆ ಕೇಳಿದವರು ಬೇರೆ ವಿಮಾನ ಹತ್ತುತ್ತಾರೆ. ಅವಳ ಜಾತಿಯವು ಬೆರಳೆಣಿಕೆಯಷ್ಟಾದ್ದರಿಂದ ಬಿಡಿಭಾಗವೊಂದು ಬೇಕಾದರೂ ಇನ್ನೊಂದರಿಂದ ಕಿತ್ತು ತರಬೇಕು. ಇಷ್ಟೆಲ್ಲ ಮೂರು ಗಂಟೆ ಉಳಿಸಲು. ಉಳಿದ ಆ ಗಂಟೆಗಳಲ್ಲಿ ಒಂದೂ ನಮ್ಮ ಮನೆಗೆ ಬಂದದ್ದು ನಾನು ಕಾಣೆ.

ಹೊಟ್ಟೆಕಿಚ್ಚು ಅನ್ನುತ್ತೀರಿ. ಹೌದು, ಹೊಟ್ಟೆಕಿಚ್ಚೇ. ಹಾರುವಾಗ ಮೈ ಕಾದು ಅವಳು ಒಂದು ಗೇಣು ಉದ್ದವಾಗುತ್ತಾಳೆ ಎಂಬುದು ನಿಮಗೆ ಗೊತ್ತು. ಈ ವರ್ಷ ಮಗಳು ಎಷ್ಟು ಉದ್ದವಾದಳು, ಹೇಳಿ ನೋಡೋಣ. ನಾನು ಅವಳ ಲಂಗದ ಅಂಚನ್ನು ಎರಡು ಸಲ ಬಿಚ್ಚಿ ಹೊಲಿದಿದ್ದೇನೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗಳು ಮುತ್ತು ಕಳಿಸಿದ್ದಾಳೆ, ನಾನು ಕಳಿಸಿಲ್ಲ.

ಇಂತಿ,
ನಿಮ್ಮ ಮನೆಯವಳು

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕೊನೆಯ ಹಾರಾಟದಲ್ಲಿ ನನ್ನ ಹಿಂದಿನ ಕಾಗದವನ್ನು ಆಮೇಲೆ ಓದೋಣವೆಂದು ಒಡೆಯದೆಯೇ, ಬಿಸಿಗೆ ಅವಳು ಹಿಗ್ಗಿದಾಗ ನಿಮ್ಮ ಕುರ್ಚಿಯ ಪಕ್ಕ ಬಾಯ್ತೆರೆಯುವ ಸಂದಿಯಲ್ಲಿ ಸಿಕ್ಕಿಸಿದಿರಿ. ಇಳಿದು ತಣ್ಣಗಾದಾಗ ಸಂದಿ ಮುಚ್ಚಿಕೊಂಡಿತು. ಇನ್ನು ಅವಳು ಹಾರುವುದಿಲ್ಲ, ಸಂದಿ ತೆರೆಯುವುದಿಲ್ಲ, ಹಲಗೆ ಬಿಚ್ಚಿಸಿ ತೆಗೆಯಲೇ, ಏನು ಬರೆದಿದ್ದೆ ಎಂದು ಕೇಳಿದ್ದೀರಿ. ಬಿಚ್ಚಿಸಬೇಡಿ. ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ, ನೀವು ಹಿಂದೆ ಬರುವುದು ಬೇಡ ಎಂದು ಬರೆದಿದ್ದೆ. ಎಂಟು ದಿನ ಪೆಟ್ಟಿಗೆ ಕಟ್ಟಿಟ್ಟು ಉತ್ತರಕ್ಕೆ ಕಾದೆ. ‘ಓದಲಾಗಲಿಲ್ಲ, ಕ್ಷಮಿಸು’ ಎಂದು ಬಂತು. ಅವಳು ನನಗೆ ಮಾಡಿದ ಉಪಕಾರ ಅದೊಂದೇ, ಆ ಕಾಗದ ಅವಳಲ್ಲೇ ಇರಲಿ. ಪೆಟ್ಟಿಗೆಯನ್ನು ಅರ್ಧ ಖಾಲಿ ಮಾಡಿದ್ದೇನೆ, ಇನ್ನರ್ಧ ಹಾಗೇ ಇದೆ. ಹೊಸಬಳಲ್ಲಿ ಅಂಥ ಸಂದಿಯೇ ಇರುವುದಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಹಾಗಾದರೆ ಮುಂದಿನ ಕಾಗದವನ್ನು ನೀವು ಓದಲೇಬೇಕಾಗುತ್ತದೆ.